ಗುಂಪಿನಲ್ಲಿ ಫೋಟೊ ಹಾಕಿದರೆ ದೂರು ಕೊಟ್ಟಂತಾಯಿತೇ?

ಬೇವಿನಕಟ್ಟೆ, ಕಲಬುರಗಿ

ಸೇಡಂ ರಸ್ತೆಗೆ ಹೊಂದಿಕೊಂಡ ಬಡಾವಣೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇನೆ. ನಮ್ಮ ಬಡಾವಣೆಗೊಂದು ವಾಟ್ಸ್‌ಆ್ಯಪ್ ಗುಂಪಿದ್ದು, ಅದರಲ್ಲಿ 412 ಮಂದಿ ಇದ್ದೇವೆ. ಕಳೆದ ಏಪ್ರಿಲ್‌ನಲ್ಲಿ, ಬಿಸಿಲು 42 ಡಿಗ್ರಿ ದಾಟಿದ್ದ ವಾರ, ನಮ್ಮ ಅಡ್ಡರಸ್ತೆಯ ತಿರುವಿನಲ್ಲಿರುವ ಬೇವಿನ ಮರದ ಬುಡದಲ್ಲಿ ಕುಡಿಯುವ ನೀರಿನ ಪೈಪು ಒಡೆಯಿತು. ನಾಲ್ಕೈದು ದಿನಕ್ಕೊಮ್ಮೆ ಬರುವ ನೀರು, ಅರ್ಧ ಮನೆಗಳ ತೊಟ್ಟಿಗೆ, ಅರ್ಧ ಚರಂಡಿಗೆ. ಬೈಕಿನವರು ಬೀಳದಿರಲಿ ಎಂದು ಯಾರೋ ಪುಣ್ಯಾತ್ಮರು ಗುಂಡಿಯ ಪಕ್ಕ ಕಲ್ಲೊಂದನ್ನು ನಿಲ್ಲಿಸಿ ಅದಕ್ಕೆ ಕೆಂಪು ಬಟ್ಟೆ ಸುತ್ತಿದರು. ಮೂರನೆಯ ದಿನ ನೋಡುತ್ತೇನೆ, ಆ ಕಲ್ಲಿಗೆ ಅರಿಶಿನ ಕುಂಕುಮವೂ ಬಿದ್ದಿದೆ.

ಹನ್ನೊಂದು ದಿನಗಳಲ್ಲಿ ಗುಂಪಿಗೆ ಈ ಸೋರಿಕೆಯ 19 ಫೋಟೊಗಳು ಬಂದವು, ಹಿನ್ನೆಲೆ ಸಂಗೀತ ಸೇರಿಸಿದ ಒಂದು ವಿಡಿಯೊ ಬಂತು, ವ್ಯವಸ್ಥೆಯನ್ನು ಬೈಯುವ ಸಂದೇಶಗಳಿಗಂತೂ ಲೆಕ್ಕವಿಲ್ಲ. ಹನ್ನೆರಡನೆಯ ದಿನ ಒಬ್ಬರು, 'ದೂರು ಕೊಟ್ಟವರು ಯಾರು?' ಎಂದು ಕೇಳಿದಾಗ ಗುಂಪು ಒಮ್ಮೆಲೇ ಮೌನವಾಯಿತು. ಯಾರೂ ಕೊಟ್ಟಿರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಕೊಟ್ಟಿರುತ್ತಾರೆ ಎಂದುಕೊಂಡಿದ್ದೆವು. ವಾರ್ಡಿನ ಪ್ರತಿನಿಧಿಯೂ ಗುಂಪಿನಲ್ಲಿರುವುದರಿಂದ ಅವರು ನೋಡಿರುತ್ತಾರೆ ಎಂದೂ ನಂಬಿದ್ದೆವು. ಅವರು ನಮ್ಮ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದರು ಎಂಬುದು ಆಮೇಲೆ ತಿಳಿಯಿತು. ದಿನಕ್ಕೆ ಎಂಬತ್ತು ಶುಭೋದಯದ ಗುಲಾಬಿಗಳು ಬಂದರೆ ಯಾರಾದರೂ ಅದನ್ನೇ ಮಾಡುತ್ತಾರೆ.

ಕೊನೆಗೆ ಪೈಪು ದುರಸ್ತಿಯಾದದ್ದು ನಮ್ಮ ಬೀದಿಯ ನಿವೃತ್ತ ದಾದಿಯೊಬ್ಬರಿಂದ. ಅವರ ಬಳಿ ಇರುವುದು ಬಟನ್ ಫೋನು, ಅವರು ಗುಂಪಿನಲ್ಲೇ ಇಲ್ಲ. ಆಟೋ ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋಗಿ, ನೋಟ್‌ಬುಕ್ಕಿನಿಂದ ಹರಿದ ಅರ್ಧ ಹಾಳೆಯಲ್ಲಿ ಬರೆದುಕೊಟ್ಟು ಬಂದರು. ಮೂರನೆಯ ದಿನ ಗುದ್ದಲಿ ಸಮೇತ ಇಬ್ಬರು ಬಂದರು.

ನನ್ನ ಪ್ರಶ್ನೆ ಇಷ್ಟೇ: ಈ ಗುಂಪು ಇಲ್ಲದಿದ್ದರೆ ನಮ್ಮಲ್ಲಿ ಯಾರಾದರೂ ಎರಡನೆಯ ದಿನವೇ ಕಚೇರಿಗೆ ಹೋಗುತ್ತಿದ್ದೆವೇ? ಫೋಟೊ ಹಾಕಿದೊಡನೆ ಕರ್ತವ್ಯ ಮುಗಿಯಿತು ಎಂಬ ಸಮಾಧಾನ ನಮ್ಮನ್ನು ಕೂರಿಸಿಬಿಟ್ಟಿದೆಯೇ? ಆ ಹತ್ತೊಂಬತ್ತರಲ್ಲಿ ನಾಲ್ಕು ಫೋಟೊ ನನ್ನವೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಶಹಾಬಜಾರ್ ಸವಾರ

ಹಿಂದೆ ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಈಗ ಓದಿದವರೆಲ್ಲ ಒತ್ತುತ್ತಿದ್ದೇವೆ.

ಹಳೇ ಗುಮಾಸ್ತ

ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರ ಟಪಾಲು ಶಾಖೆಯಲ್ಲಿ ಕುಳಿತವನ ಅನುಭವದ ಮಾತು ಇದು. ಕಚೇರಿಗೆ ಕಣ್ಣಿಲ್ಲ, ಕಿವಿಯಿಲ್ಲ. ಅದಕ್ಕೆ ಇರುವುದು ಆವಕ ವಹಿ ಒಂದೇ. ಆ ವಹಿಯಲ್ಲಿ ನಿಮ್ಮ ಕಾಗದಕ್ಕೆ ಒಂದು ಸಂಖ್ಯೆ ಬಿದ್ದರೆ ಮಾತ್ರ ನಿಮ್ಮ ಪೈಪು ಒಡೆದಿದೆ. ಸಂಖ್ಯೆ ಬಿದ್ದ ಮೇಲೆ ಆ ಕಾಗದ ಒಬ್ಬರ ಮೇಜಿನ ಮೇಲೆ ಇರಲೇಬೇಕು, ಇಲ್ಲವೆಂದಾದರೆ ಅದು ಎಲ್ಲಿ ಹೋಯಿತು ಎಂಬುದಕ್ಕೆ ಯಾರಾದರೂ ಉತ್ತರ ಕೊಡಲೇಬೇಕು. ಗುಂಪಿಗೆ ಬಂದ ಫೋಟೊಕ್ಕೆ ಮೇಜು ಇಲ್ಲ, ಹಾಗಾಗಿ ಉತ್ತರಿಸುವವರೂ ಇಲ್ಲ.

ಕಚೇರಿಗೆ ಹೋಗಲು ಆಗದವರು 1902ಕ್ಕೆ ಕರೆ ಮಾಡಬಹುದು, ಅದು ರಾಜ್ಯದ ಜನಸ್ಪಂದನ ಸಹಾಯವಾಣಿ. ನಗರಸಭೆ, ಪಾಲಿಕೆಗಳ ದೂರಿಗೆ 'ಜನಹಿತ' ಆ್ಯಪ್ ಇದೆ. ಎರಡರಲ್ಲೂ ದೂರು ದಾಖಲಾದರೆ ಸಂಖ್ಯೆ ಸಿಗುತ್ತದೆ. ತಂತ್ರಜ್ಞಾನವನ್ನೇ ಬೈಯುವ ಅಗತ್ಯವಿಲ್ಲ, ಸಂಖ್ಯೆ ಕೊಡುವ ತಂತ್ರಜ್ಞಾನ ಯಾವುದು, ಸಮಾಧಾನ ಮಾತ್ರ ಕೊಡುವುದು ಯಾವುದು ಎಂದು ತಿಳಿದಿದ್ದರೆ ಸಾಕು.

ಜಗತ್ ಸರ್ಕಲ್ ಪಾನ್‌ಬೀಡಾ

ಹಾಗಾದರೆ ಸರ್ಕಾರದ 'ಸಕಾಲ' ಯೋಜನೆಯಲ್ಲಿ ಅರ್ಜಿ ಹಾಕಿದರೆ ಆಯಿತಲ್ಲ? ತಡ ಮಾಡಿದರೆ ಅಧಿಕಾರಿಗೆ ದಂಡ ಬೀಳುತ್ತದೆ.

ಹಳೇ ಗುಮಾಸ್ತ

ಇಲ್ಲ. ಅನೇಕರು ಇಲ್ಲೇ ಎಡವುತ್ತಾರೆ. 2012ರಲ್ಲಿ ಜಾರಿಗೆ ಬಂದ ಸಕಾಲ ಇರುವುದು ಅಧಿಸೂಚನೆಯಲ್ಲಿ ಹೆಸರಿಸಿದ ಸೇವೆಗಳಿಗೆ: ಜಾತಿ, ಆದಾಯ ಪ್ರಮಾಣಪತ್ರ, ಖಾತಾ ಇತ್ಯಾದಿ. ಅವು ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೇಳುವ ಅವಕಾಶವಿದೆ. ಬೀದಿಯ ಗುಂಡಿ ಮುಚ್ಚಿಸುವುದು ದೂರಿನ ಬಾಬ್ತು, ಅದರ ದಾರಿ ಬೇರೆ. ದೂರಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, 'ನನ್ನ ಇಂತಹ ಸಂಖ್ಯೆಯ ದೂರಿನ ಮೇಲೆ ಕೈಗೊಂಡ ಕ್ರಮವೇನು?' ಎಂದು ಕೇಳಿ; 30 ದಿನಗಳೊಳಗೆ ಉತ್ತರಿಸಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಗುಂಪಿನಲ್ಲಿ ಬೈಯಲು ಬಳಸುವ ಪದಗಳಿಗಿಂತ ಅದು ಕಡಿಮೆಯೇ.

ಸ್ಟೇಷನ್ ಬಜಾರ್ ಹುಡುಗ

ಎಲ್ಲರೂ ಗುಂಪನ್ನು ದೂರುತ್ತಿರುವುದು ನನಗೆ ಸರಿಕಾಣುತ್ತಿಲ್ಲ. 2020ರ ಮಾರ್ಚ್ 10ರಂದು ನಮ್ಮೂರಿನ 76 ವರ್ಷದ ಹಿರಿಯರು ತೀರಿಕೊಂಡರು. ಎರಡು ದಿನಗಳ ಬಳಿಕ ಅದು ದೇಶದ ಮೊದಲ ಕೋವಿಡ್ ಸಾವೆಂದು ದೃಢಪಟ್ಟಾಗ ಈ ಊರಿನಲ್ಲಿ ಹೇಗಿತ್ತು ಎಂಬುದು ಬೆಂಗಳೂರಿನವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಸಂಬಂಧಿಕರು ಫೋನಿನಲ್ಲೂ ದೂರ ನಿಂತು ಮಾತನಾಡುತ್ತಿದ್ದರು. ಆಗ ಯಾವ ಔಷಧ ಅಂಗಡಿ ತೆರೆದಿದೆ, ಯಾರ ಮನೆಯಲ್ಲಿ ವೃದ್ಧರು ಒಬ್ಬರೇ ಇದ್ದಾರೆ, ತರಕಾರಿಯ ಗಾಡಿ ಯಾವ ಬೀದಿಗೆ ಬಂದಿದೆ ಎಂಬುದೆಲ್ಲ ತಿಳಿದದ್ದು ನಮ್ಮ ಗುಂಪಿನಿಂದಲೇ. ಮರುವರ್ಷ ಎರಡನೆಯ ಅಲೆಯಲ್ಲಿ ನನ್ನ ಚಿಕ್ಕಪ್ಪನಿಗೆ ಆಮ್ಲಜನಕದ ಸಿಲಿಂಡರ್ ಸಿಕ್ಕಿದ್ದು ರಾತ್ರಿ ಎರಡು ಗಂಟೆಗೆ ಅಪರಿಚಿತರೊಬ್ಬರು ಹಾಕಿದ ಸಂದೇಶದಿಂದ. ಅರ್ಧ ಹಾಳೆಯ ಅರ್ಜಿ ಬರೆದು ಆವಕ ಸಂಖ್ಯೆಗೆ ಕಾದಿದ್ದರೆ ಚಿಕ್ಕಪ್ಪ ಉಳಿಯುತ್ತಿರಲಿಲ್ಲ.

ಬೇವಿನಕಟ್ಟೆ, ಕಲಬುರಗಿ

ನಿಮ್ಮ ಚಿಕ್ಕಪ್ಪನವರು ಉಳಿದದ್ದು ಸಂತೋಷ. ಆದರೆ ಗಮನಿಸಿ, ಆ ಸಂದೇಶ ಹಾಕಿದವರ ಕೈಯಲ್ಲೇ ಸಿಲಿಂಡರ್ ಇತ್ತು. ನಮ್ಮ 412 ಮಂದಿಯಲ್ಲಿ ಗುದ್ದಲಿ ಹಿಡಿದವರು ಒಬ್ಬರೂ ಇರಲಿಲ್ಲ.

ನಲ್ಲಿ ಕಾಯುವವಳು

ಇಷ್ಟು ಹೊತ್ತು ಓದಿದೆ. 412 ಮಂದಿ ಇದ್ದೇವೆ ಎಂದಿರಲ್ಲ, ಅವರಲ್ಲಿ ಹೆಂಗಸರು ಎಷ್ಟು ಎಂದು ಯಾರೂ ಕೇಳಲಿಲ್ಲ.

ನಮ್ಮ ಬೀದಿಗೆ ನೀರು ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ, ಮೊದಲ ಹತ್ತು ನಿಮಿಷ ಕೆಂಪಾಗಿ ಬಂದು ಆಮೇಲೆ ತಿಳಿಯಾಗುತ್ತದೆ, ಮೂಲೆಯ ಮನೆಯವರು ಮೋಟರು ಹಚ್ಚಿದರೆ ನಮ್ಮ ನಲ್ಲಿ ನೂಲಿನಂತಾಗುತ್ತದೆ, ಇವೆಲ್ಲ ನನಗೆ ಗೊತ್ತು. ಗುಂಪಿನಲ್ಲಿರುವುದು ನನ್ನ ಯಜಮಾನರ ನಂಬರ್. ಅವರು ಕೆಲಸದ ನಿಮಿತ್ತ ವಾರದಲ್ಲಿ ಐದು ದಿನ ಸೊಲ್ಲಾಪುರದಲ್ಲಿರುತ್ತಾರೆ. ಸೊಲ್ಲಾಪುರದಲ್ಲಿ ಕುಳಿತು ಅವರು ನಮ್ಮ ಮನೆಯ ನೀರಿನ ಬಗ್ಗೆ ಕೋಪದ ಮುಖದ ಚಿಹ್ನೆ ಹಾಕುತ್ತಾರೆ, ನಾನು ಇಲ್ಲಿ ಕೊಡ ಹಿಡಿದು ನಿಂತಿರುತ್ತೇನೆ.

ನನ್ನನ್ನೂ ಸೇರಿಸಿ ಎಂದು ಅಡ್ಮಿನ್ ಅವರನ್ನು ಕೇಳಿದೆ. 'ಮನೆಗೊಂದು ನಂಬರ್ ಸಾಕಲ್ಲವೇ ಅಕ್ಕಾ' ಎಂದರು. ಆ ನಿವೃತ್ತ ದಾದಿ ಕಚೇರಿಗೆ ಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಕೊಡ ಹೊತ್ತವರು ಅವರೇ ಇರಬೇಕು.

ಬೇವಿನಕಟ್ಟೆ, ಕಲಬುರಗಿ

ಈಗಷ್ಟೇ ಸದಸ್ಯರ ಪಟ್ಟಿ ಎಣಿಸಿದೆ. ಹೆಸರಿನಿಂದ ಗುರುತಿಸಬಹುದಾದ ಮಹಿಳೆಯರು 37. ಪಟ್ಟಿಯನ್ನು ಈ ಕಣ್ಣಿನಿಂದ ನಾನು ಒಮ್ಮೆಯೂ ನೋಡಿರಲಿಲ್ಲ.

ದರ್ಗಾ ರಸ್ತೆ

ಭಾಷೆಯ ಮಾತನ್ನೂ ಸೇರಿಸುತ್ತೇನೆ. ನಮ್ಮ ಓಣಿಯಲ್ಲಿ ದಖನಿ ಮಾತನಾಡುವವರೇ ಹೆಚ್ಚು. ನನ್ನ ತಾಯಿಗೆ ಕನ್ನಡ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ. ಧ್ವನಿ ಸಂದೇಶ ಬಂದ ಮೇಲೆಯೇ ಅಮ್ಮ ಓಣಿಯ ಗುಂಪಿನಲ್ಲಿ ಬಾಯಿ ಬಿಟ್ಟದ್ದು. ಅರ್ಧ ನಿಮಿಷದ ಧ್ವನಿಯಲ್ಲಿ ಬೀದಿದೀಪದ ಕಂಬದ ಗುರುತು, ಎಷ್ಟು ದಿನದಿಂದ ಕೆಟ್ಟಿದೆ, ಯಾವ ಮಗು ಎಡವಿ ಬಿತ್ತು ಎಲ್ಲವೂ ಇರುತ್ತದೆ. ನಾನು ಅದನ್ನು ಕನ್ನಡಕ್ಕೆ ಇಳಿಸಿ ಆ್ಯಪ್‌ನಲ್ಲಿ ದೂರು ಹಾಕುತ್ತೇನೆ. ಈ ಏರ್ಪಾಟಿನಲ್ಲಿ ಎರಡು ದೀಪ ಹತ್ತಿವೆ, ಮೂರನೆಯದು ಬಾಕಿ.

ಔರಾದ್ ಕಡೆಯವನು

ಕಲಬುರಗಿಯವರ ಗುಂಪುಗಳು ಜನರನ್ನು ಮನೆಯಲ್ಲಿ ಕೂರಿಸುತ್ತವೆ ಎಂದು ನೀವು ಕೊರಗುತ್ತಿದ್ದೀರಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಒಂದು ಸಂಜೆ ಗುಂಪು ಜನರನ್ನು ಮನೆಯಿಂದ ಹೊರಗೆ ಎಬ್ಬಿಸಿತ್ತು. ಎಬ್ಬಿಸಿದ್ದು ಏತಕ್ಕೆ ಎಂಬುದನ್ನು ನೆನಪಿಸುತ್ತೇನೆ.

2018ರ ಜುಲೈ 13. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ವಾರಗಳಿಂದ ಎಲ್ಲರ ಫೋನುಗಳಲ್ಲಿ ಹರಿದಾಡುತ್ತಿದ್ದವು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ತಂಡವೊಂದು ಔರಾದ್ ಭಾಗದ ಹಳ್ಳಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅದನ್ನು ಕಂಡವರು ಅನುಮಾನಪಟ್ಟರು, ಮಾತು ಬೆಳೆಯಿತು, ಅವರು ಕಾರು ಹತ್ತಿ ಹೊರಟರು. ಅಲ್ಲಿದ್ದವರು ತೆಗೆದು ಗುಂಪಿಗೆ ಹಾಕಿದ ವಿಡಿಯೊ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮ ತಲುಪುವ ಹೊತ್ತಿಗೆ ಅಲ್ಲಿ ದಾರಿ ಅಡ್ಡಗಟ್ಟಲಾಗಿತ್ತು. ಯುವ ಎಂಜಿನಿಯರ್ ಒಬ್ಬರು ಅಲ್ಲಿಯೇ ಪ್ರಾಣ ಬಿಟ್ಟರು, ಉಳಿದವರನ್ನು ಕಾಪಾಡಲು ಹೋದ ಪೊಲೀಸರಿಗೂ ಗಾಯಗಳಾದವು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪೊಂದರ ಅಡ್ಮಿನ್ ಕೂಡ ಇದ್ದ.

ಮಕ್ಕಳ ಕಳ್ಳರ ಸಂದೇಶ ನನಗೂ ಬಂದಿತ್ತು. ನಾನು ಮುಂದಕ್ಕೆ ಕಳಿಸಲಿಲ್ಲ ಎಂದು ಬಹಳ ದಿನ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆದರೆ, 'ಇದು ಸುಳ್ಳು' ಎಂದು ಒಂದು ಸಾಲನ್ನೂ ಬರೆದಿರಲಿಲ್ಲ. ಬರೆದಿದ್ದರೆ ಗುಂಪಿನ ಹಿರಿಯರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಆ ಸಂಕೋಚದ ನೆನಪು ಈಗಲೂ ಚುಚ್ಚುತ್ತದೆ.

ಗಾಂಧಿಗಂಜ್, ಬೀದರ್

ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿತು, ದೇಶದ ಬೇರೆಡೆಯೂ ಇಂತಹ ಸಾವುಗಳಾಗಿದ್ದವು. 2020ರ ಏಪ್ರಿಲ್‌ನಿಂದ ಜೋಡಿ ಬಾಣದ ಗುರುತುಳ್ಳ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಜೋಡಿ ಬಾಣ ಕಂಡರೆ, ಅದು ಅನೇಕ ಕೈ ದಾಟಿ ಬಂದ ಮಾತು ಎಂದು ತಿಳಿಯಬೇಕು. ನಮ್ಮ ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಮಂದಿಗೆ ಆ ಬಾಣದ ಅರ್ಥ ಗೊತ್ತಿಲ್ಲ. 'ಬಹಳ ಜನ ಕಳಿಸಿದ್ದಾರೆ, ಹಾಗಾದರೆ ನಿಜವೇ ಇರಬೇಕು' ಎಂದು ಉಲ್ಟಾ ಓದುವವರೂ ಇದ್ದಾರೆ.

ಬಡಾವಣೆಯ ಅಡ್ಮಿನ್

ಅಡ್ಮಿನ್ ಬಂಧನ ಎಂದು ಓದಿ ಎದೆ ಧಸಕ್ಕೆಂದಿತು. ಸದಸ್ಯರು ಹಾಕಿದ್ದಕ್ಕೆಲ್ಲ ನಾನು ಜೈಲಿಗೆ ಹೋಗಬೇಕೇ? ನಾನೂ ಒಂದು ಗುಂಪು ನಡೆಸುತ್ತೇನೆ, ಸಂಬಳವಿಲ್ಲದ ನೌಕರಿ.

ಕಪ್ಪು ಕೋಟು

ಗಾಬರಿ ಬೇಡ. ಸದಸ್ಯರೊಬ್ಬರ ಬರಹಕ್ಕೆ, ಒಟ್ಟು ಸಂಚಿನ ಆಧಾರವಿಲ್ಲದೆ, ಅಡ್ಮಿನ್ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟೂ ಅದೇ ದಿಕ್ಕಿನಲ್ಲಿ ತೀರ್ಪು ನೀಡಿದೆ. ಅಡ್ಮಿನ್ ತಾನೇ ಹಂಚಿದರೆ, ಪ್ರಚೋದಿಸಿದರೆ ಆ ಮಾತು ಬೇರೆ. 'ಅಡ್ಮಿನ್ ಮಾತ್ರ ಬರೆಯಬಹುದು' ಎಂಬ ವ್ಯವಸ್ಥೆಯೂ ಇದೆ, ಆದರೆ ಅದನ್ನು ಹಾಕಿಕೊಂಡರೆ ನಿಮ್ಮ ಗುಂಪು ಚಾವಡಿಯಾಗಿ ಉಳಿಯದೆ ಡಂಗುರವಾಗುತ್ತದೆ.

ಜಗತ್ ಸರ್ಕಲ್ ಪಾನ್‌ಬೀಡಾ

ಪೈಪಿನಿಂದ ಹೈಕೋರ್ಟಿಗೆ ಬಂದೆವು. ಮೂಲ ಪ್ರಶ್ನೆ ಎಲ್ಲಿ ಹೋಯಿತು?

ಸುರಪುರ ಸೀಮೆ

ಇಲ್ಲೇ ಇದೆ. ನಾನು ಯಾದಗಿರಿ ಜಿಲ್ಲೆಯವಳು, ಉದ್ಯೋಗ ಖಾತರಿಯಲ್ಲಿ ಎರಡು ವರ್ಷ ಕಾಯಕ ಬಂಧುವಾಗಿದ್ದೆ, ಎಂದರೆ ಕೂಲಿಕಾರರ ಹಾಜರಾತಿ ನೋಡಿಕೊಳ್ಳುವವಳು. ನಿಮ್ಮಲ್ಲಿ ಫೋಟೊ ಹಾಕಿದರೆ ಕೆಲಸ ಆಗಲಿಲ್ಲ, ನಮ್ಮಲ್ಲಿ ಕೆಲಸ ಮಾಡಿದರೂ ಫೋಟೊ ಹೋಗದಿದ್ದರೆ ಕೂಲಿ ಆಗುತ್ತಿರಲಿಲ್ಲ.

2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಡೆ, ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆರಡು ಫೋಟೊ ತೆಗೆದು ಹಾಜರಾತಿ ಏರಿಸುವುದು ಕಡ್ಡಾಯವಾಯಿತು. ಬದು ಹಾಕುವ ಕೆಲಸಕ್ಕೆ 34 ಜನ ಬರುತ್ತಿದ್ದರು. ಮಧ್ಯಾಹ್ನದ ಫೋಟೊಕ್ಕಾಗಿ ಎಲ್ಲರನ್ನೂ ಮತ್ತೆ ಸಾಲಾಗಿ ನಿಲ್ಲಿಸಬೇಕು. ಕೆಲಸದ ಜಾಗದಲ್ಲಿ ನೆಟ್‌ವರ್ಕ್ ಇಲ್ಲ. ನಾನು ಅರ್ಧ ಮೈಲಿ ನಡೆದು ಗುಡ್ಡದ ಮೇಲಿನ ಹುಣಸೆ ಮರದ ಕೆಳಗೆ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ವೃತ್ತಾಕಾರದ ಗುರುತು ತಿರುಗುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಒಂದು ದಿನ ಹೋಗಲೇ ಇಲ್ಲ. ಮರುದಿನ ಅರವತ್ತು ದಾಟಿದ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: 'ನಾ ಬಂದದ್ದು ನಿನ್ನ ಕಣ್ಣಿಗೆ ಕಂಡದ, ನಿನ್ನ ಫೋನಿಗೆ ಯಾಕ ಕಾಣವಲ್ದು?' ನನ್ನ ಬಳಿ ಉತ್ತರವಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಿಶೇಷ ಸಂದರ್ಭದಲ್ಲಿ ಜಿಲ್ಲಾ ಮಟ್ಟದ ಅನುಮತಿಯಿಂದ ಕೈಬರಹದ ಹಾಜರಾತಿಯನ್ನು ಸೇರಿಸಬಹುದು ಎಂಬ ನಿಯಮ ನಮಗೆ ಸಿಕ್ಕಿದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುತ್ತೋಲೆಯಿಂದಲೇ. ಅದನ್ನು ಮುದ್ರಿಸಿಕೊಂಡು 34 ಜನರೂ ಪಂಚಾಯಿತಿಗೆ ಹೋಗಿ ಕುಳಿತೆವು. ಒಬ್ಬಳೇ ಹೋಗಿದ್ದರೆ, 'ನಾಳೆ ಬಾ' ಎನ್ನುತ್ತಿದ್ದರು. ಸುತ್ತೋಲೆಯನ್ನು ಗುಂಪಿನಲ್ಲೇ ಬಿಟ್ಟು ಹೆಬ್ಬೆಟ್ಟು ಒತ್ತಿದ್ದರೆ ಆ ದಿನದ ಕೂಲಿ ಈವರೆಗೂ ಬರುತ್ತಿರಲಿಲ್ಲ.

ಹಳೇ ಗುಮಾಸ್ತ

ಈ ತಾಯಿ ಹೇಳಿದ್ದು ನನ್ನ ಎರಡು ಉತ್ತರಗಳಿಗಿಂತ ಚೆನ್ನಾಗಿದೆ. ಫೋಟೊವನ್ನೇ ಸಾಕ್ಷಿ ಎಂದು ನಂಬಿದರೆ ಇನ್ನೊಂದು ಅಪಾಯವೂ ಇದೆ: ಹಳೆಯ ಫೋಟೊವನ್ನು ಮತ್ತೆ ಫೋಟೊ ತೆಗೆದು ಏರಿಸುತ್ತಿರುವುದನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನ ಸುತ್ತೋಲೆಯಲ್ಲಿ ಒಪ್ಪಿಕೊಂಡಿತು. ದುಡಿದವರ ಮುಖ ಹೋಗದು, ದುಡಿಯದವರ ಮುಖ ಎರಡು ಸಲ ಹೋಗುತ್ತದೆ.

ಆಳಂದ ನಾಕಾ

ಕಂಪ್ಯೂಟರಿನ ಮುಂದೆ ಕುಳಿತೇ ನಾಗರಿಕ ಹಕ್ಕನ್ನು ಅಳಿಸಲು ನೋಡಿದ ಪ್ರಸಂಗ ನಮ್ಮ ತಾಲ್ಲೂಕಿನದು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯುವಂತೆ ಕೋರಿ ಆನ್‌ಲೈನ್‌ನಲ್ಲಿ ನಮೂನೆ 7ರ 6,018 ಅರ್ಜಿಗಳು ಬಂದವು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು, ಪ್ರಕರಣವೂ ದಾಖಲಾಯಿತು. ಅರ್ಜಿ ಹಾಕಿದ್ದಾರೆ ಎನ್ನಲಾದವರಿಗೇ ತಮ್ಮ ಹೆಸರಿನಲ್ಲಿ ಅರ್ಜಿ ಹೋಗಿದೆ ಎಂಬುದು ಗೊತ್ತಿರಲಿಲ್ಲ. ಇದು ಬಯಲಾದದ್ದು ಮತಗಟ್ಟೆ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಕರ ಹೆಸರಿನ ಮೇಲೆಯೇ ಅರ್ಜಿ ಬಂದಿರುವುದನ್ನು ಕಂಡು ವಿಚಾರಿಸಿದ್ದರಿಂದ.

ರಾಜಕೀಯ ಯಾರದು, ಕೈವಾಡ ಯಾರದು ಎಂಬ ಜಗಳವನ್ನು ಇಲ್ಲಿ ಎಳೆಯಬೇಡಿ, ಅದಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ. ನಾನು ಹೇಳುವುದು ಇಷ್ಟು: ವರ್ಷಕ್ಕೊಮ್ಮೆಯಾದರೂ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ನೀವೇ ನೋಡಿ. ನೋಡುವುದಕ್ಕೂ ಅದೇ ಮೊಬೈಲ್ ಸಾಕು.

ಶಹಾಬಜಾರ್ ಸವಾರ

ಈಗಲೇ ನೋಡಿದೆ. ಇದ್ದೇನೆ. ತೀರಿಹೋದ ನನ್ನ ಅಜ್ಜನೂ ಇದ್ದಾರೆ.

ತೊಗರಿ ರಾಶಿ

ರೈತರ ಕಡೆಯ ಒಂದು ಮಾತು. ಕಳೆದ ಹಂಗಾಮಿನಲ್ಲಿ ನಮ್ಮ ಊರಿನ ಗುಂಪಿಗೆ ಒಂದು ಸಂದೇಶ ಬಂತು: ನೆಟೆ ರೋಗದಿಂದ ತೊಗರಿ ಒಣಗಿದವರು 72 ಗಂಟೆಯೊಳಗೆ ಫೋಟೊ ಕಳಿಸಿದರೆ ವಿಮೆ ಖಚಿತ. ಊರಿಗೆ ಊರೇ ಒಣಗಿದ ಗಿಡ ಹಿಡಿದು ಫೋಟೊ ತೆಗೆಸಿಕೊಂಡಿತು. ಆ 72 ಗಂಟೆಯ ನಿಯಮ ಇರುವುದು ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪಕ್ಕೆ. ರೋಗದಿಂದ ಇಳುವರಿ ಕುಸಿದರೆ ಲೆಕ್ಕ ನಡೆಯುವುದು ಗ್ರಾಮ ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದಿಂದ, ಎಂದರೆ ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ಇಳುವರಿ ತೂಗಿ ನೋಡುವುದರಿಂದ. ಅದನ್ನು ಯಾರೂ ಗುಂಪಿನಲ್ಲಿ ಹೇಳಲಿಲ್ಲ. ಪಹಣಿಯಲ್ಲಿ ನಿಮ್ಮ ಬೆಳೆ ತೊಗರಿ ಎಂದೇ ದಾಖಲಾಗಿದೆಯೇ ಎಂಬುದನ್ನು 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಬೇಕು. ನನ್ನ ಪಕ್ಕದ ಹೊಲದವರ ತೊಗರಿ ಅಲ್ಲಿ ಹತ್ತಿಯಾಗಿ ನಿಂತಿತ್ತು. ಒಣಗಿದ ಗಿಡದ ಫೋಟೊ ಅವರ ಬಳಿ ಇಪ್ಪತ್ತಿದ್ದವು, ಈ ಒಂದನ್ನು ನೋಡಿರಲಿಲ್ಲ.

ಸ್ಟೇಷನ್ ಬಜಾರ್ ಹುಡುಗ

ಸರಿ, ಅರ್ಧ ಸೋಲು ಒಪ್ಪಿಕೊಳ್ಳುತ್ತೇನೆ. ಆದರೆ ಗುಂಪು ಬಿಟ್ಟುಹೋಗಿ ಎನ್ನುವವರ ಜೊತೆ ನಾನಿಲ್ಲ. ನಮ್ಮ ಗುಂಪಿನಲ್ಲಿ ಇನ್ನು ಮುಂದೆ ದೂರಿನ ಸಂಖ್ಯೆ ಇಲ್ಲದ ಫೋಟೊ ಹಾಕಬಾರದು ಎಂಬ ಕಟ್ಟಳೆ ಮಾಡಿದರೆ ಹೇಗೆ?

ಬಡಾವಣೆಯ ಅಡ್ಮಿನ್

ನಾನು ಇಂದು ಬೆಳಿಗ್ಗೆಯೇ ನಮ್ಮಲ್ಲಿ ಹಾಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮಂದಿ ಗುಂಪು ಬಿಟ್ಟರು, ಇಬ್ಬರು ದೂರು ದಾಖಲಿಸಿದರು. ಹೊಸದಾಗಿ ಹದಿನಾರು ಮಹಿಳೆಯರನ್ನು ಸೇರಿಸಿದ್ದೇನೆ. ಅವರಲ್ಲಿ ಒಬ್ಬರು ಸೇರಿದ ಐದು ನಿಮಿಷದಲ್ಲೇ, 'ಶನಿವಾರ ಬಿಟ್ಟ ನೀರಿಗೆ ವಾಸನೆ ಇತ್ತು, ಉಳಿದವರ ಮನೆಯಲ್ಲೂ ಇತ್ತೇ?' ಎಂದು ಕೇಳಿದರು. ಏಳು ಮನೆಯವರು ಇತ್ತು ಎಂದರು. ಈ ಮಾತು ಗುಂಪಿನಲ್ಲಿ ಮೊದಲ ಸಲ ಬಂದದ್ದು.

ನಲ್ಲಿ ಕಾಯುವವಳು

ವಾಸನೆ ಎಂದರೆ ಚರಂಡಿಯ ನೀರು ಸೇರುತ್ತಿರಬಹುದು. ಕಾಯಬೇಡಿ. ಒಂದು ಬಾಟಲಿಯಲ್ಲಿ ಆ ನೀರನ್ನು ಹಿಡಿದಿಟ್ಟುಕೊಂಡು ದಿನಾಂಕ ಬರೆಯಿರಿ, ಸದ್ಯಕ್ಕೆ ಕಾಯಿಸಿ ಕುಡಿಯಿರಿ.

ಬೇವಿನಕಟ್ಟೆ, ಕಲಬುರಗಿ

ನಮ್ಮ ಬೀದಿಯ ದಾದಿಯವರಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಇಷ್ಟು ಬರೆಯುವ ಹೊತ್ತಿನಲ್ಲಿ ಆ ಚರಂಡಿಯ ಒಡೆದ ಹಾಸುಗಲ್ಲಿಗೂ ಒಂದು ಅರ್ಜಿ ಆಗುತ್ತಿತ್ತು' ಎಂದರು. ಸೋಮವಾರ ಹನ್ನೊಂದಕ್ಕೆ ಹೊರಡುತ್ತಿದ್ದೇವೆ. ಆಟೋದಲ್ಲಿ ಇನ್ನಿಬ್ಬರಿಗೆ ಜಾಗವಿದೆ.

ಹಳೇ ಗುಮಾಸ್ತ

ಸಮೀಪದಲ್ಲೇ ಇದ್ದೇನೆ, ನಾನೂ ಬರುತ್ತೇನೆ. ಅರ್ಜಿಯ ಎರಡು ಪ್ರತಿ ತನ್ನಿ; ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಬೇಕು. ಮೊಹರಿನ ಮಸಿ ಒಣಗಿದೆ ಎಂದು ಅವರು ಹೇಳುತ್ತಾರೆ, ನಾನು ಸ್ಟಾಂಪ್ ಪ್ಯಾಡ್ ತರುತ್ತೇನೆ.